ಮುದ್ದೆಮಾಲು

ಒಂದು ಗಂಟೆ ಹನ್ನೆರಡನೇ ನಿಮಿಷಕ್ಕೆ ಬರುತ್ತೇನೆ ನಾನು,
ಹೀರೋ ಎಡಭುಜದ ಹಿಂದೆ, ಸಾಂಬಾರಿನ ಬಕೆಟ್ಟು ಹಿಡಿದು.
ನಾಲ್ಕು ಸೆಕೆಂಡು. ಐದನೆಯದಕ್ಕೆ
ದಪ್ಪನೆಯ ಮಾವನೊಬ್ಬ ಅಡ್ಡ ನಿಲ್ಲುತ್ತಾನೆ.

ಸೀರೆ ನನ್ನದೇ. ನಿಮ್ಮದೇ ರೇಷ್ಮೆ ಉಟ್ಟು ಬನ್ನಿ ಅಂದಿದ್ದರು.
ಬಕೆಟ್ಟಿನಲ್ಲಿದ್ದದ್ದು ಅರಿಶಿನದ ನೀರು.
ಮಾಗಡಿ ರಸ್ತೆಯ ಛತ್ರದಲ್ಲಿ ಬೆಳಗಿನ ಆರರಿಂದ
ಹನ್ನೊಂದು ಸಲ ಬಡಿಸಿದೆ, ಹನ್ನೊಂದು ಸಲ ನಕ್ಕೆ.
ಏಳುನೂರು ಕೂಲಿ, ಅದರಲ್ಲಿ ನೂರೈವತ್ತು ಏಜೆಂಟ್ ಪುಟ್ಟಲಿಂಗನಿಗೆ.

ಚಿತ್ರದ ಹೆಸರು ಮೂರನೇ ಲಗ್ನಪತ್ರಿಕೆ.
ನೀವು ಕೇಳಿರಲಿಕ್ಕಿಲ್ಲ.
ಗಾಂಧಿನಗರದಲ್ಲಿ ಆರು ದಿನ ಓಡಿತು. ಆ ಆರೂ ದಿನ ನಾನು
ರಾಮೋಹಳ್ಳಿಯಲ್ಲಿ ಯಾರದೋ ಹೆಣದ ಮುಂದೆ
ಎದೆ ಬಡಿದುಕೊಳ್ಳುತ್ತಿದ್ದೆ, ಅದೂ ದಿನಗೂಲಿ.
ಏಳನೇ ದಿನ ಹೋದರೆ, ಟಿಕೆಟ್ ಕಿಂಡಿಯ ಮೇಲೆ
ಅಂಟಿನ ಡಬ್ಬದವನು ಬೇರೆ ಯಾರದೋ ಮೀಸೆ ಅಂಟಿಸುತ್ತಿದ್ದ.

ಆಮೇಲೆ ಟಿವಿಗೂ ಬರಲಿಲ್ಲ,
ಫೋನಿನಲ್ಲಿ ದುಡ್ಡು ಕಟ್ಟಿ ನೋಡುವ ಕಡೆಗೂ ಬರಲಿಲ್ಲ.
ನಿರ್ಮಾಪಕರ ಆಫೀಸು ಹುಡುಕಿ ಹೋದೆ, ಅಲ್ಲೀಗ ದೊನ್ನೆ ಬಿರಿಯಾನಿ.
ಕೊಡುತ್ತೇನೆಂದರೂ ಇಸಕೊಳ್ಳುವ ಕೈಯೇ ಇಲ್ಲ.

ಓಕಳಿಪುರದ ಸೇತುವೆ ಪಕ್ಕ ಇಮ್ದಾದನ ಅಂಗಡಿ:
ಕರೆನ್ಸಿ, ಬ್ಯಾಕ್ ಕವರ್, ಮೂವತ್ತು ರೂಪಾಯಿಗೆ ಕಾರ್ಡ್ ತುಂಬ ಸಿನಿಮಾ.
ಅವನು ಒತ್ತಿದ ಮೊದಲ ಮೂರು ಕಡೆಯೂ ಬಿಳಿ ಹಾಳೆ.
"ಕೋರ್ಟ್ ಆರ್ಡರಂತೆ ಅಕ್ಕ, ಮುಚ್ಚಿದ್ದಾರೆ."
ನಾಲ್ಕನೆಯದು ತೆರೆಯಿತು, ಇಸ್ಪೀಟಿನ ಜಾಹೀರಾತುಗಳ ನಡುವೆ.
ಅರ್ಧ ಚಹಾ ಮುಗಿಯುವಷ್ಟರಲ್ಲಿ ಇಳಿಯಿತು.
ನಿಲ್ಲಿಸಿ, ಬೆರಳಲ್ಲಿ ಹಿಗ್ಗಿಸಿ ತೋರಿಸಿದ: "ಅಕ್ಕಾ, ನೀವೇ!"
ಕಣ್ಣು ಅರ್ಧ ಮುಚ್ಚಿತ್ತು. ಹಲ್ಲು ಚೆನ್ನಾಗಿ ಬಂದಿತ್ತು.
ದುಡ್ಡು ಬೇಡ ಅಂದ.
ರಾತ್ರಿ ನಮ್ಮವರಿಗೆ ತೋರಿಸಿದೆ. ಎರಡು ಸಲ ನೋಡಿ
"ಸಾಂಬಾರು ಚೆಲ್ತಿದ್ದೀಯಲ್ಲೇ" ಅಂದರು.

ಒಂದು ಮಾತು ಮುಚ್ಚಿಡಬಾರದು.
ಹೋದ ವರ್ಷ ಸಂಘದವರು ಕರೆದಾಗ ಟೌನ್‌ಹಾಲಿನಿಂದ
ಫ್ರೀಡಂ ಪಾರ್ಕಿನವರೆಗೆ ನಾನೂ ನಡೆದಿದ್ದೆ,
ಪೈರಸಿ ತೊಲಗಲಿ ಅಂತ ಹಲಗೆ ಹಿಡಿದು.
ಪುಳಿಯೋಗರೆ ಪೊಟ್ಟಣ ಕೊಟ್ಟರು. ಆದರೂ ಕೂಗಿದ್ದು ಸುಳ್ಳಲ್ಲ,
ಕದ್ದವರೇ ಉಂಡರೆ ನಮ್ಮ ಏಳುನೂರು ಎಲ್ಲಿಂದ ಬರಬೇಕು?

ಶುಕ್ರವಾರ ದೊಡ್ಡ ಚಿತ್ರವೊಂದು ಬಿಡುಗಡೆಯಾಯಿತು,
ಶನಿವಾರ ಜೀಪು ಬಂತು.
ಇಮ್ದಾದನನ್ನೂ, ಅವನ ಕಂಪ್ಯೂಟರನ್ನೂ,
ರಿಪೇರಿಗೆ ಬಿಟ್ಟಿದ್ದ ಎಂಟು ಫೋನನ್ನೂ ಒಯ್ದರು.
ಒಂದು ನನ್ನದು. ಕಾರ್ಡು ಒಳಗೇ ಇತ್ತು.
ಗೂಂಡಾ ಕಾಯ್ದೆ ಹಾಕಬಹುದಂತೆ, ಅಂದರು ಪಕ್ಕದ ಹೂವಿನವರು.
ಗೂಂಡಾ!
ಜಿರಳೆ ಕಂಡರೆ ಸ್ಟೂಲು ಹತ್ತುವ ಹುಡುಗ.

ಠಾಣೆಯಲ್ಲಿ ರೈಟರು ಪಂಚನಾಮೆ ತಿರುವಿದರು:
"ನಿಮ್ಮ ಫೋನು ಮುದ್ದೆಮಾಲು. ಕೋರ್ಟಲ್ಲಿ ಬಿಡಿಸ್ಕೊಳ್ಳಿ."
ಮುದ್ದೆ ಗೊತ್ತು, ಮಾಲೂ ಗೊತ್ತು, ಎರಡೂ ಸೇರಿದರೆ ಏನು ಸ್ವಾಮಿ?
ಅವರು ನಗಲಿಲ್ಲ.
ಹಾಳೆಯ ಮೇಲೆ ಹಾಳೆ, ಸಿನಿಮಾಗಳ ಪಟ್ಟಿ.
ಇಂಗ್ಲಿಷಿನಲ್ಲಿದ್ದ ಹೆಸರನ್ನೆಲ್ಲ ಯಾರೋ ಪೇದೆ
ರಾತ್ರಿಯಿಡೀ ಕೂತು ಕನ್ನಡಕ್ಕೆ ಇಳಿಸಿದ್ದಾನೆ.
ತಲೆಕೆಳಗಾಗಿಯೇ ಓದಿದೆ: ಕ್ರಮಸಂಖ್ಯೆ ಒಂಬೈನೂರಾ ನಾಲ್ಕು,
ಮೂರಾನೆ ಲಗ್ನಪತ್ರಿಕೆ.

ಮೂರು ಆನೆ! ಮದುವೆಗೆ ಮೂರು ಆನೆ ಬಂದಿದ್ದರೆ
ನನ್ನ ಬಕೆಟ್ಟು ಯಾವ ಮೂಲೆಗೆ?
ತಿದ್ದಿ ಸಾರ್ ಅನ್ನೋಣವೆಂದು ಬಾಯಿ ತೆರೆದೆ. ಅಂದರೆ
ನಿಮಗೆ ಹೇಗೆ ಗೊತ್ತು ಅಂತ ಕೇಳುತ್ತಾರೆ.

"ಕೇಸು ಮುಗಿದ ಮೇಲೆ ಇವೆಲ್ಲ ಏನಾಗುತ್ತೆ?"
"ನಾಶ ಮಾಡ್ತೀವಿ" ಅಂದರು, ಪುಟ ತಿರುವುತ್ತ.

ಹೊರಗೆ ಬೆಂಚಿನ ತುದಿಯಲ್ಲಿ ಇಮ್ದಾದನ ಅಮ್ಮ
ಟಿಫನ್ ಡಬ್ಬಿಗೆ ಟವೆಲು ಸುತ್ತಿ ಕೂತಿದ್ದರು.
ಪಕ್ಕ ಕೂತೆ. ಏನು ಅಡುಗೆ ಅಂದೆ.
"ದಾಲ್ಚಾ." ಇನ್ನೂ ಬಿಸಿಯಿತ್ತು.
ಒಳಗೆ ಬಿಡುವವರೆಗೆ
ಡಬ್ಬಿಯ ಒಂದು ಕಡೆ ನಾನೂ ಹಿಡಿದುಕೊಂಡೆ.